ತಂತಿಗೆ ನೇತುಹಾಕಿದ ಕಡಲ ಹನಿ

ಬಿರುಗಾಳಿಗೆ ಅಲೆಯ ನೆತ್ತಿಯಿಂದ ಹಾರುವ ತುಂತುರು ಆವಿಯಾಗಿ ಕಡಲನ್ನು ತಂಪಾಗಿಸುತ್ತದೆ ಎಂದು ತರಗತಿಯಲ್ಲಿ ಎಷ್ಟೋ ವರ್ಷ ಹೇಳಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಸರ್, ಹನಿ ಗಾಳಿಯಲ್ಲೇ ಆರಿಹೋದರೆ ಶಾಖವನ್ನೂ ಗಾಳಿಯಿಂದಲೇ ಪಡೆಯಬೇಕಲ್ಲವೇ? ಕಡಲಿಗೇನು ನಷ್ಟ?" ಎಂದಳು. ಉತ್ತರ ಹೊಳೆಯಲಿಲ್ಲ.

ಮಲ್ಪೆಯಿಂದ ಒಂದು ಬಾಟಲಿ ನೀರು ತಂದು ಸೋಸಿದೆ. ತಾಪ ಅಳೆಯುವ ಥರ್ಮೋಕಪಲ್ ತಂತಿಯ ತುದಿಗೆ ಸಿರಿಂಜಿನಿಂದ 2 ಮಿಲಿಮೀಟರ್ ಅಗಲದ ಹನಿಯನ್ನು ಅಂಟಿಸಿ, ಟೇಬಲ್ ಫ್ಯಾನ್ ಹಚ್ಚಿದೆ. ನೀರು 29 ಡಿಗ್ರಿ, ಕೋಣೆಯ ಗಾಳಿ 27, ಆರ್ದ್ರತೆ ಶೇ. 80. ಫ್ಯಾನನ್ನು ಜೋರು ಮಾಡಿದಾಗೆಲ್ಲ ಹನಿ ನನ್ನ ಕನ್ನಡಕದ ಮೇಲಿರುತ್ತಿತ್ತು. ನಿಧಾನಕ್ಕಿಟ್ಟರೆ ತಾಪ 26ರ ಬಳಿ ನಿಂತುಬಿಡುತ್ತಿತ್ತು. ಪಕ್ಕದಲ್ಲಿ ಒದ್ದೆ ಬಟ್ಟೆ ಸುತ್ತಿದ್ದ ಥರ್ಮಾಮೀಟರ್ ಮಾತ್ರ 24ರ ಆಸುಪಾಸು ತೋರಿಸುತ್ತಿತ್ತು. ಆವಿಯಾಗುವ ಹನಿಯೂ ಹೆಚ್ಚುಕಡಿಮೆ ಅಷ್ಟಕ್ಕೇ ಇಳಿಯಬೇಕಿತ್ತು. ತಪ್ಪು ತಂತಿಯದು: ದಪ್ಪ ತಂತಿಯ ಮೂಲಕ ಶಾಖ ಹನಿಗೆ ಹರಿದು ಬರುತ್ತಿತ್ತು. ಕೂದಲೆಳೆಯಷ್ಟು ತೆಳುವಾದ ತಂತಿ ಸಿಗಲು ಎರಡು ವಾರ ಬೇಕಾಯಿತು.

ಹೊಸ ತಂತಿಯಲ್ಲಿ ಹನಿ ಹತ್ತು ಸೆಕೆಂಡಿನೊಳಗೆ 24.5ಕ್ಕೆ ಇಳಿಯಿತು. ಸುತ್ತಲಿನ ಗಾಳಿಗಿಂತಲೂ ತಂಪು! ಗಾತ್ರ ಕುಗ್ಗಿದ್ದು ಕಣ್ಣಿಗೆ ಕಾಣಲೇ ಇಲ್ಲ. ಲೆಕ್ಕ ಹಾಕಿದೆ. ನಾಲ್ಕೂವರೆ ಡಿಗ್ರಿ ಇಳಿಯಲು ಹನಿಯ ನೂರರಲ್ಲಿ ಒಂದು ಪಾಲು ಆವಿಯಾಗುವುದೂ ಬೇಡ. ನೀರು ಆವಿಯಾಗಲು ಹೀರುವ ಶಾಖ, ಅಂದರೆ ಗುಪ್ತೋಷ್ಣ, ಅಷ್ಟು ದೊಡ್ಡದು.

ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲೇ ಇತ್ತು. ಕಡಲ ಮೇಲೆ 0.1 ಮಿಲಿಮೀಟರ್ ತ್ರಿಜ್ಯದ ಹನಿ ಒಂದು ಸೆಕೆಂಡೂ ಆಗುವ ಮೊದಲೇ ತಣಿಯುತ್ತದೆ, ಆದರೆ ಆರಲು ನಿಮಿಷಗಳೇ ಬೇಕು. ಅಷ್ಟರಲ್ಲಿ ಅದು ನೀರಿಗೆ ಮರಳಿ ಬಿದ್ದಿರುತ್ತದೆ. ನನ್ನ ಕೋಣೆಯ ಅಂಕಿಗಳನ್ನೇ ಇಟ್ಟುಕೊಂಡರೆ, ಹೀಗೆ ಮರಳುವ ಪ್ರತಿ ಕಿಲೋ ನೀರು ಕಡಲಿನಿಂದ ಸುಮಾರು 18 ಕಿಲೋಜೌಲ್ ಕದ್ದು ಗಾಳಿಗೆ ಕೊಟ್ಟಿರುತ್ತದೆ. ಪೂರ್ತಿ ಆರಿಹೋಗುವ ಹನಿ ಗಾಳಿಯ ಶಾಖವನ್ನೇ ತೆಗೆದುಕೊಂಡು ಆವಿಯ ರೂಪದಲ್ಲಿ ಗಾಳಿಗೇ ಒಪ್ಪಿಸುತ್ತದೆ. ಒಂದು ಜೇಬಿನಿಂದ ಇನ್ನೊಂದು ಜೇಬಿಗೆ. ತುಂತುರಿನಿಂದ ಚಂಡಮಾರುತಕ್ಕೆ ಸಿಗುವ ಮೇವು ಹೆಚ್ಚಾಗಿ ಮರಳಿ ಬೀಳುವ ಹನಿಗಳದು. ಅಮೆರಿಕದ ವಿಜ್ಞಾನಿ ಎಡ್ಗರ್ ಆಂಡ್ರಿಯಾಸ್ ಹನಿ ತಣಿಯುವ ಮತ್ತು ಆರುವ ಈ ಎರಡು ವೇಗಗಳ ಅಂತರವನ್ನು 1990ರ ದಶಕದಲ್ಲೇ ವಿವರವಾಗಿ ಲೆಕ್ಕ ಹಾಕಿದ್ದರು. ನಾನು ಮೊದಲೇ ಓದಿದ್ದರೆ ಕನ್ನಡಕ ಒರೆಸುವ ಕೆಲಸ ತಪ್ಪುತ್ತಿತ್ತು.

ಫ್ಯಾನ್ ಆರಿಸದೆ ಮನೆಗೆ ಹೋಗಿದ್ದೆ. ಬೆಳಿಗ್ಗೆ ನೋಡಿದರೆ, ಅಗಲ ಅರ್ಧಕ್ಕಿಳಿದ ಹನಿ ತಂತಿಯ ತುದಿಯಲ್ಲಿ ಇನ್ನೂ ತೂಗುತ್ತಿತ್ತು. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುವ ಊರಿನಲ್ಲಿ ಉಪ್ಪುನೀರಿನ ಹನಿ ಪೂರ್ತಿ ಆರುವುದಾದರೂ ಹೇಗೆ?