ಹಿಟ್ಟು ಕೈಗೆ ಅಂಟಿತು ಅಂತ ಮೈದಾ ಡಬ್ಬ ತೆರೆಯಬೇಡಿ

ಬನ್ನಿಗೋ ಪಾವ್‌ಗೋ ಹಿಟ್ಟು ಕಲಸಲು ಶುರು ಮಾಡಿ ಐದು ನಿಮಿಷ ಆಗಿರುವುದಿಲ್ಲ, ಹತ್ತೂ ಬೆರಳಿಗೆ ಮೆತ್ತಿಕೊಂಡಿರುತ್ತದೆ. ತಕ್ಷಣ ಕೈ ಮೈದಾ ಡಬ್ಬದ ಕಡೆ ಹೋಗುತ್ತದೆ, ಅಲ್ವಾ? ಅದು ಚಪಾತಿಯಿಂದ ಬಂದ ಅಭ್ಯಾಸ. ಚಪಾತಿ ಹಿಟ್ಟು ಅಂಟಿದರೆ ಒಂದು ಹಿಡಿ ಹಿಟ್ಟು ಉದುರಿಸಿಕೊಂಡರೆ ಕೆಲಸ ನಡೆಯುತ್ತದೆ. ಬನ್ನಿನ ಹಿಟ್ಟಿಗೆ ಹಾಗೆ ಮಾಡಿದರೆ ಓವನ್ನಿನಿಂದ ಹೊರಗೆ ಬರುವುದು ಗಟ್ಟಿ ಉಂಡೆ. ಮಾರನೇ ದಿನಕ್ಕೆ ಅದು ಪುಡಿ ಉದುರುತ್ತದೆ.

ಹೋಳಿಗೆ ಮಾಡುವ ಮನೆಯವರಿಗೆ ಇದನ್ನು ಹೆಚ್ಚು ಹೇಳಬೇಕಿಲ್ಲ. ಕಣಕ ಕಲಸಿದಾಗ ಅದು ಕೈ ಬಿಡುತ್ತದೆಯೇ? ಇಲ್ಲ. ಹಾಗಂತ ಯಾರೂ ಅದಕ್ಕೆ ಹಿಟ್ಟು ಸುರಿಯುವುದಿಲ್ಲ. ಎಣ್ಣೆ ಹಾಕಿ ಮಿದ್ದು, ಮುಚ್ಚಿ, ಎರಡು ಗಂಟೆ ಪಕ್ಕಕ್ಕೆ ಇಡುತ್ತೇವೆ. ಆಮೇಲೆ ಎಷ್ಟು ಎಳೆದರೂ ಹರಿಯುವುದಿಲ್ಲ. ಬನ್ನಿನ ಹಿಟ್ಟಿಗೂ ಮೊದಲು ಬೇಕಾಗಿರುವುದು ಸಮಯವೇ. ಹಿಟ್ಟು ನೀರು ಕುಡಿಯಲು ಹೊತ್ತು ಹಿಡಿಯುತ್ತದೆ. ನೀರು ಕುಡಿದ ಮೇಲೆ ಅದರಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ತಾನಾಗಿ ಎಳೆ ಕಟ್ಟಲು ಶುರು ಮಾಡುತ್ತದೆ. ಅದಕ್ಕೇ ಮೈದಾ ಮತ್ತು ನೀರನ್ನು ಮಾತ್ರ ಒಣಪುಡಿ ಕಾಣದಷ್ಟು ಬೆರೆಸಿ, ಮುಚ್ಚಿ, ಅರ್ಧ ಗಂಟೆ ಬಿಡಿ. ಈಸ್ಟ್ ಮತ್ತು ಉಪ್ಪು ಆಮೇಲೆ ಹಾಕಿ. ಫ್ರಾನ್ಸಿನ ರೇಮಂಡ್ ಕಾಲ್ವೆಲ್ ಎಂಬ ಬ್ರೆಡ್ ಪಂಡಿತರು ಬೇಕರಿಗಳಿಗೆ ಹೇಳಿಕೊಟ್ಟ ವಿಧಾನವೂ ಇದೇ. ಅರ್ಧ ಗಂಟೆ ಬಿಟ್ಟು ಬಂದು ಮುಟ್ಟಿ ನೋಡಿ. ನೀವೇನೂ ಮಾಡದೆ ಅರ್ಧ ಅಂಟು ಹೋಗಿರುತ್ತದೆ.

ಇಷ್ಟಾದ ಮೇಲೂ ಅಂಟುತ್ತಿದ್ದರೆ ನಾದಬೇಕು. ಇಲ್ಲೂ ಚಪಾತಿಯ ಕೈ ಬೇಡ. ಮುಷ್ಟಿಯಿಂದ ಒತ್ತಿದಷ್ಟೂ ಅದು ಕೈಗೆ ಹತ್ತುತ್ತದೆ. ಕಟ್ಟೆಯ ಮೇಲೆ ಹಾಕಿ, ಬೆರಳ ತುದಿಯಲ್ಲಿ ಎತ್ತಿ, ಪಟ್ ಅಂತ ಬಡಿದು, ಸ್ವಲ್ಪ ಎಳೆದು, ಅದರ ಮೇಲೇ ಮಡಚಿ. ಮತ್ತೆ ಎತ್ತಿ, ಬಡಿದು, ಮಡಚಿ. ಮೊದಲ ಐದು ನಿಮಿಷ ಕಟ್ಟೆಯೆಲ್ಲ ಗಲೀಜು. ಎಂಟನೇ ನಿಮಿಷದ ಹೊತ್ತಿಗೆ ಹಿಟ್ಟು ಕಲ್ಲನ್ನು ಬಿಟ್ಟು ಒಟ್ಟಾಗಿ ಮೇಲೆ ಬರಲು ಶುರುವಾಗುತ್ತದೆ. ಕಟ್ಟೆಗೆ ಹತ್ತಿದ್ದನ್ನು ಕೆರೆಯಲು ಅಂಗಡಿಯಿಂದ ಏನೂ ತರಬೇಕಿಲ್ಲ. ಹಳೇ ಐಸ್‌ಕ್ರೀಮ್ ಡಬ್ಬದ ಮುಚ್ಚಳ ಅರ್ಧಕ್ಕೆ ಕತ್ತರಿಸಿಟ್ಟುಕೊಳ್ಳಿ, ಸಾಕು. ಮಂಡಿ ನೋವು, ಕೈ ನೋವು ಇರುವ ನನ್ನ ವಯಸ್ಸಿನವರು ಬಡಿಯುವುದನ್ನೂ ಬಿಡಬಹುದು. ಪಾತ್ರೆಯಲ್ಲೇ ಇಟ್ಟು, ಒದ್ದೆ ಕೈಯಿಂದ ನಾಲ್ಕೂ ಕಡೆಯಿಂದ ಒಂದೊಂದು ಸಲ ಮೇಲಕ್ಕೆ ಎಳೆದು ಮಡಚಿ. ಅರ್ಧ ಗಂಟೆಗೊಮ್ಮೆ ಹೀಗೆ ಮೂರು ನಾಲ್ಕು ಸಲ ಮಾಡಿದರೆ ನಾದಿದಷ್ಟೇ ಫಲ. ಮಧ್ಯೆ ಸೊಪ್ಪು ಸೋಸಿಕೊಳ್ಳಬಹುದು.

ಹದ ಬಂತೋ ಇಲ್ಲವೋ ಅಂತ ಅಂಟಿನಿಂದ ತೀರ್ಮಾನ ಮಾಡಬೇಡಿ. ನಿಂಬೆಹಣ್ಣಿನಷ್ಟು ಹಿಟ್ಟು ತೆಗೆದು ಮೆಲ್ಲಗೆ ನಾಲ್ಕೂ ಕಡೆ ಎಳೆಯಿರಿ. ಹರಿಯದೆ ತೆಳ್ಳಗಾಗಿ, ಆಚೆಯ ಬೆಳಕು ಕಂಡರೆ ಹದ ಬಂದಿದೆ. ಬೆರಳಿಗೆ ಸ್ವಲ್ಪ ತಾಕುತ್ತಿದ್ದರೆ ತಾಕಲಿ ಬಿಡಿ. ಮೆತ್ತಗಿನ ಬನ್ನಿಗೆ ಅಷ್ಟು ಜಿಗುಟು ಇರಲೇಬೇಕು.

ಬೆಣ್ಣೆಯನ್ನು ಮೊದಲೇ ಹಾಕುವವರು ಬಹಳ ಜನ. ಹಾಗೆ ಮಾಡಿದರೆ ಜಿಡ್ಡು ಮೈದಾವನ್ನು ಸುತ್ತಿಕೊಂಡು ಎಳೆ ಕಟ್ಟಲು ಬಿಡುವುದಿಲ್ಲ. ಹಿಟ್ಟು ಅರ್ಧ ನಾದಿ ಆದ ಮೇಲೆ, ಮೆತ್ತಗಾದ ಬೆಣ್ಣೆಯನ್ನು ಎರಡು ಮೂರು ಸಲ ಸ್ವಲ್ಪ ಸ್ವಲ್ಪವೇ ಸೇರಿಸಿ. ಆಗ ಹಿಟ್ಟು ಚೂರು ಚೂರಾಗಿ, ಕೈಯೆಲ್ಲ ಜಿಡ್ಡಾಗಿ, ಎಲ್ಲ ಕೆಟ್ಟೇಹೋಯಿತು ಅನ್ನಿಸುತ್ತದೆ. ಕೆಟ್ಟಿರುವುದಿಲ್ಲ. ಇನ್ನೂ ನಾಲ್ಕು ನಿಮಿಷ ನಾದಿ, ಮತ್ತೆ ಒಂದಾಗುತ್ತದೆ.

ಅಳತೆಯೇ ತಪ್ಪಿದ್ದರೆ ಮಾತ್ರ ಕಾಯುವುದರಿಂದ ಪ್ರಯೋಜನವಿಲ್ಲ. ಕಪ್ಪಿನ ಲೆಕ್ಕ ನಂಬಬೇಡಿ. ಒಂದೇ ಕಪ್ಪಿಗೆ ಮೈದಾ ಸಡಿಲವಾಗಿ ತುಂಬಿದರೆ 120 ಗ್ರಾಂ, ಒತ್ತಿ ತುಂಬಿದರೆ 150 ಗ್ರಾಂ. ಒಂದು ಚಿಕ್ಕ ಡಿಜಿಟಲ್ ತಕ್ಕಡಿ ತಂದಿಟ್ಟುಕೊಳ್ಳಿ. 300 ಗ್ರಾಂ ಮೈದಾಗೆ ನೀರು, ಹಾಲು ಎಲ್ಲ ಸೇರಿ 185ರಿಂದ 190 ಮಿಲಿ, ಉಪ್ಪು 5 ಗ್ರಾಂ. ಈ ಲೆಕ್ಕದಿಂದ ಶುರು ಮಾಡಿ. ಮೊಟ್ಟೆ ಹಾಕಿದರೆ ಅದನ್ನೂ ನೀರಿನ ಲೆಕ್ಕಕ್ಕೆ ಹಿಡಿಯಿರಿ. ಸಕ್ಕರೆ ಜಾಸ್ತಿ ಆದರೂ ಕರಗಿ ಹಿಟ್ಟನ್ನು ಸಡಿಲ ಮಾಡುತ್ತದೆ. ಉಪ್ಪು ಮರೆತರೂ ಹಿಟ್ಟು ಅಂಟಂಟು. ಒಂದು ಚೂರು ನಾಲಿಗೆಗೆ ಹಾಕಿ ನೋಡಿದರೆ ಗೊತ್ತಾಗುತ್ತದೆ.

ಮೊಬೈಲಿನಲ್ಲಿ ಹೊರದೇಶದವರು ಮಾಡುವುದನ್ನು ನೋಡಿ ಅಷ್ಟೇ ನೀರು ಹಾಕಿದರೆ ಇಲ್ಲಿ ಎಡವಟ್ಟಾಗುತ್ತದೆ. ಅವರ ಬ್ರೆಡ್ ಹಿಟ್ಟಿನಲ್ಲಿ ಪ್ರೋಟೀನ್ ಶೇ 12–13 ಇರುತ್ತದೆ. ನಮ್ಮ ಅಂಗಡಿ ಮೈದಾದಲ್ಲಿ ಸಾಮಾನ್ಯವಾಗಿ ಶೇ 10ರ ಆಸುಪಾಸು. ಪ್ಯಾಕೆಟ್ಟಿನ ಹಿಂದೆ ಬರೆದಿರುತ್ತದೆ, ನೋಡಿಕೊಳ್ಳಿ. ಕಡಿಮೆ ಪ್ರೋಟೀನ್ ಇರುವ ಹಿಟ್ಟು ಅಷ್ಟು ನೀರು ತಡೆಯುವುದಿಲ್ಲ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಇನ್ನೂ ಎರಡು ಚಮಚ ನೀರು ಹಿಡಿದಿಟ್ಟುಕೊಂಡು ಕಲಸಿ. ಡಬ್ಬದಲ್ಲಿರುವ ಮೈದಾ ಆಗಲೇ ಗಾಳಿಯ ತೇವ ಎಳೆದುಕೊಂಡಿರುತ್ತದೆ. ಗೋಧಿ ಹಿಟ್ಟಿನದು ಬೇರೆ ಸ್ವಭಾವ. ಅದು ನೀರು ಜಾಸ್ತಿ ಕುಡಿಯುತ್ತದೆ, ಆದರೆ ನಿಧಾನ. ಅದನ್ನು ಮುಕ್ಕಾಲು ಗಂಟೆ ನೆನೆಯಲು ಬಿಡಿ.

ನಿಜವಾಗಿ ನೀರು ಹೆಚ್ಚಾಗಿದೆ ಅಂತ ಖಾತ್ರಿಯಾದರೆ ಒಂದೊಂದೇ ಚಮಚ ಮೈದಾ ಸೇರಿಸಿ, ಪ್ರತಿ ಸಲವೂ ಎರಡು ನಿಮಿಷ ನಾದಿ ನೋಡಿ. ಮೂರು ಚಮಚಕ್ಕೂ ಬಗ್ಗದಿದ್ದರೆ ಬನ್ ಮಾಡುವ ಆಸೆ ಬಿಡಿ. ತಟ್ಟೆಗೆ ಧಾರಾಳವಾಗಿ ಎಣ್ಣೆ ಸವರಿ, ಹಿಟ್ಟನ್ನು ಅದರಲ್ಲಿ ಹರಡಿ, ಮುಕ್ಕಾಲು ಗಂಟೆ ಉಬ್ಬಲು ಬಿಡಿ. ಮೇಲೆ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಉದುರಿಸಿ 220 ಡಿಗ್ರಿಯಲ್ಲಿ ಕೆಂಪಗೆ ಬೇಯಿಸಿ. ಮಕ್ಕಳು ಬನ್ ಎಲ್ಲಿ ಅಂತ ಕೇಳುವುದಿಲ್ಲ.

ಖಾರಾ ಬನ್ನಿನ ಹಿಟ್ಟು ನೀರಾಗುವುದು ಮಾತ್ರ ಬೇರೆ ಕಥೆ. ಮೊದಲು ಚೆನ್ನಾಗಿದ್ದ ಹಿಟ್ಟು ಒಂದು ಗಂಟೆ ಬಿಟ್ಟು ನೋಡಿದರೆ ಪಿಚಪಿಚ ಅನ್ನುತ್ತಿರುತ್ತದೆ. ಈರುಳ್ಳಿಯೇ ಇದಕ್ಕೆ ಕಾರಣ. ಹೆಚ್ಚಿದ ಈರುಳ್ಳಿಗೆ ಉಪ್ಪು ತಾಕಿದರೆ ನೀರು ಬಿಡುತ್ತದೆ. ಸೊಪ್ಪು ತೊಳೆದ ನೀರೂ ಅದಕ್ಕೆ ಸೇರುತ್ತದೆ. ಈರುಳ್ಳಿಯನ್ನು ಎಣ್ಣೆಯಲ್ಲಿ ಸ್ವಲ್ಪ ಬಾಡಿಸಿ, ಆರಿಸಿ, ನಾದಿದ್ದೆಲ್ಲ ಮುಗಿದ ಮೇಲೆ ಸೇರಿಸಿ. ಸಬ್ಬಸಿಗೆ, ಕೊತ್ತಂಬರಿ ಬಟ್ಟೆಯ ಮೇಲೆ ಹರಡಿ ಒಣಗಿಸಿಕೊಳ್ಳಿ. ಹಸಿ ಶುಂಠಿಯನ್ನೂ ಹಾಗೇ ಹಾಕಬೇಡಿ, ಅದನ್ನೂ ಬಾಡಿಸಿ. ಹಸಿ ಶುಂಠಿ, ಪಪ್ಪಾಯಿ, ಅನಾನಸ್ ಇವುಗಳಲ್ಲಿ ಪ್ರೋಟೀನ್ ಕರಗಿಸುವ ಗುಣ ಇದೆ. ಅವು ಕಟ್ಟಿದ ಎಳೆಯನ್ನೇ ಕತ್ತರಿಸಿಹಾಕುತ್ತವೆ. ಶಾಖ ತಾಕಿದರೆ ಆ ಗುಣ ಹೋಗುತ್ತದೆ. ಹಾಲನ್ನೂ ಕಾಯಿಸಿ ಆರಿಸಿಯೇ ಬಳಸಿ. ಹೇಗೂ ನಮ್ಮ ಮನೆಗಳಲ್ಲಿ ಹಸಿ ಹಾಲು ಯಾರು ಬಳಸುತ್ತಾರೆ?

ರಾಗಿ ಬ್ರೆಡ್ ಮಾಡಲು ಹೊರಡುವವರಿಗೆ ಒಂದು ಮಾತು. ರಾಗಿಯಲ್ಲಿ ಗ್ಲುಟೆನ್ ಇಲ್ಲ. ಎಷ್ಟು ನಾದಿದರೂ ಆ ಅಂಟು ಹೋಗುವುದಿಲ್ಲ, ಸುಮ್ನೆ ಕೈ ನೋಯಿಸಿಕೊಳ್ಳಬೇಡಿ. ಒಟ್ಟು ಹಿಟ್ಟಿನಲ್ಲಿ ಕಾಲು ಭಾಗ ಮೀರದಂತೆ ರಾಗಿ ಹಾಕಿ, ಉಳಿದದ್ದು ಮೈದಾ ಇರಲಿ. ಕೈ ಒದ್ದೆ ಮಾಡಿಕೊಂಡು ಅಚ್ಚಿಗೆ ಹಾಕಿಬಿಡಿ.

ಮಂಗಳೂರು ಬನ್ಸ್ ಕರಿಯುವ ತಿಂಡಿಯಾದರೂ ಇಲ್ಲಿ ಹೇಳಲೇಬೇಕು. ಕಳಿತ ಬಾಳೆಹಣ್ಣು, ಸಕ್ಕರೆ, ಮೊಸರು ಹಿಡಿಸುವಷ್ಟು ಮೈದಾ ಹಾಕಿ ರಾತ್ರಿ ಕಲಸಿಟ್ಟರೆ ಬೆಳಗ್ಗೆ ಇನ್ನೂ ಮೆತ್ತಗಾಗಿರುತ್ತದೆ. ಅದು ಸರಿಯಾಗಿಯೇ ಇದೆ. ಕೈಗೆ ಎಣ್ಣೆ ಹಚ್ಚಿಕೊಂಡು ಉಂಡೆ ಮಾಡಿ, ಲಟ್ಟಿಸುವಾಗ ಮಾತ್ರ ಮೇಲೆ ತುಸು ಮೈದಾ ಉದುರಿಸಿ. ಹಿಟ್ಟಿನೊಳಗೆ ಮತ್ತೆ ಮೈದಾ ಸೇರಿಸಿದರೆ ಬನ್ಸ್ ರಬ್ಬರ್ ಆಗುತ್ತದೆ.

ಇನ್ನು ಬಿಸಿಲುಕಾಲ. ಈಸ್ಟ್ ಹಿಟ್ಟಿಗೆ ಹಿತವಾದ ಶಾಖ 24ರಿಂದ 27 ಡಿಗ್ರಿ. ರಾಯಚೂರು, ಕಲಬುರಗಿಯಲ್ಲಿ ಏಪ್ರಿಲ್‌ನಲ್ಲಿ ಹೊರಗೆ 40 ದಾಟಿರುತ್ತದೆ. ಅಲ್ಲಿ ತಣ್ಣೀರಿನಲ್ಲೇ ಕಲಸಿ, ಈಸ್ಟ್ ಕಡಿಮೆ ಹಾಕಿ. ಪುಸ್ತಕದಲ್ಲಿ ಒಂದೂವರೆ ಗಂಟೆ ಅಂತಿದ್ದರೂ ಅಲ್ಲಿ ಮುಕ್ಕಾಲು ಗಂಟೆಗೇ ಹಿಟ್ಟು ಎರಡರಷ್ಟಾಗಿರುತ್ತದೆ. ಅದನ್ನೂ ಮೀರಿ ಬಿಟ್ಟರೆ ಹುಳಿ ವಾಸನೆ ಬಂದು, ಮುಟ್ಟಿದರೆ ಕುಸಿದು, ಲೋಳೆಯಾಗುತ್ತದೆ. ಈ ಅಂಟಿಗೆ ಮದ್ದಿಲ್ಲ, ಹಿಟ್ಟು ಸೇರಿಸಿದರೂ ದಂಡ. ಅದರಲ್ಲಿ ಒಂದು ಹಿಡಿ ತೆಗೆದು ಹೊಸದಾಗಿ ಕಲಸುವ ಹಿಟ್ಟಿಗೆ ಸೇರಿಸಿ, ರುಚಿ ಚೆನ್ನಾಗಿ ಬರುತ್ತದೆ. ಉಳಿದದ್ದನ್ನು ಆಗಲೇ ಹೇಳಿದ ಹಾಗೆ ತಟ್ಟೆಗೆ ಹರಡಿ.

ಉಂಡೆ ಕಟ್ಟುವಾಗ ಕಷ್ಟವಾದರೆ ಹಿಟ್ಟನ್ನು ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ಬೆಣ್ಣೆ ಗಟ್ಟಿಯಾಗಿ ಹೇಳಿದ ಮಾತು ಕೇಳುತ್ತದೆ. ಕೈಗೆ, ಕಟ್ಟೆಗೆ ಒಂದೆರಡು ಹನಿ ಎಣ್ಣೆ ಸಾಕು. ಕಟ್ಟೆ ಪೂರ್ತಿ ಜಾರುವಂತಿದ್ದರೆ ಉಂಡೆ ಬಿಗಿಯಾಗುವುದಿಲ್ಲ, ಅಡಿ ಸ್ವಲ್ಪ ಹಿಡಿದುಕೊಳ್ಳಬೇಕು. ಉಬ್ಬಲು ಇಡುವಾಗ ಒದ್ದೆ ಬಟ್ಟೆ ನೇರವಾಗಿ ಹೊದಿಸಬೇಡಿ. ಅದು ಹಿಟ್ಟಿಗೆ ಹತ್ತಿಕೊಂಡು, ತೆಗೆಯುವಾಗ ಉಬ್ಬಿದ್ದೆಲ್ಲ ಇಳಿದುಹೋಗುತ್ತದೆ. ಅಗಲವಾದ ಪಾತ್ರೆ ಬೋರಲು ಹಾಕಿ.

ಕೈಗೆ ಮೆತ್ತಿದ ಹಿಟ್ಟನ್ನು ತೊಳೆಯುವ ಮುಂಚೆ ಒಂದು ಚಿಟಿಕೆ ಒಣ ಮೈದಾ ಹಾಕಿ ಉಜ್ಜಿಕೊಳ್ಳಿ, ಉದುರಿಹೋಗುತ್ತದೆ. ಪಾತ್ರೆಗೆ ಬಿಸಿನೀರು ಹಾಕಬೇಡಿ. ಹಿಟ್ಟು ಅಲ್ಲೇ ಬೆಂದು ಅಂಟಾಗುತ್ತದೆ. ತಣ್ಣೀರು ಹಾಕಿ ಹತ್ತು ನಿಮಿಷ ಬಿಟ್ಟು, ಕೆರೆದು, ಕಸದ ಬುಟ್ಟಿಗೆ ಹಾಕಿ. ಸಿಂಕಿಗೆ ಬಿಟ್ಟರೆ ಆಮೇಲೆ ಪ್ಲಂಬರ್‌ಗೆ ಫೋನ್ ಮಾಡಬೇಕಾಗುತ್ತದೆ.