ಕೆನಡಾದ ಹಳೇ ರೈಲ್ವೆ ಹೋಟೆಲ್‌ಗಳಲ್ಲಿ ಉಳಿಯುವವರಿಗೆ

ಕೆನಡಾವನ್ನು ಈ ತುದಿಯಿಂದ ಆ ತುದಿಗೆ ಸುತ್ತಲು ಹೊರಟಿದ್ದೀರಾ? ದಾರಿಯಲ್ಲಿ ಕೋಟೆಯಂಥ ಹಳೇ ಹೋಟೆಲ್‌ಗಳು ಸಿಗುತ್ತವೆ. ರೈಲಿಗೆ ಜನ ಬರಲಿ ಅಂತ ರೈಲು ಕಂಪನಿಯೇ ಕಟ್ಟಿಸಿದ್ದು. ರಾಕಿ ಬೆಟ್ಟಗಳ ನಡುವಿನ ಬ್ಯಾನ್ಫ್ ಸ್ಪ್ರಿಂಗ್ಸ್ 1888ರಲ್ಲಿ, ಕ್ವಿಬೆಕ್ ಸಿಟಿಯ ಶಾಟೊ ಫ್ರಾಂಟೆನಾಕ್ 1893ರಲ್ಲಿ, ವಿಕ್ಟೋರಿಯಾದ ಎಂಪ್ರೆಸ್ 1908ರಲ್ಲಿ ಶುರುವಾದವು.

ಎಲ್ಲದರಲ್ಲೂ ಉಳಿಯಲು ಹೋಗಬೇಡಿ, ಜೇಬು ಖಾಲಿಯಾಗುತ್ತದೆ. ಯಾವುದಾದರೂ ಒಂದರಲ್ಲಿ ಒಂದು ರಾತ್ರಿ ಸಾಕು. ಅಲ್ಲಿನ ಬೇಸಿಗೆ ರಜೆ (ಜುಲೈ, ಆಗಸ್ಟ್) ಬಿಟ್ಟು ಏಪ್ರಿಲ್ ಅಥವಾ ನವೆಂಬರ್ ದರ ನೋಡಿ.

ದುಡ್ಡು ಕಟ್ಟುವ ಮುಂಚೆ ಫೋನ್ ಮಾಡಿ, ಕೋಣೆ ಎಷ್ಟು ದೊಡ್ಡದು, ಕಿಟಕಿ ಯಾವ ಕಡೆಗೆ ಅಂತ ಕೇಳಿ. ಹಳೇ ಕಟ್ಟಡ ಅಲ್ವಾ, ಒಂದು ಕೋಣೆ ಇದ್ದಂತೆ ಇನ್ನೊಂದು ಇರುವುದಿಲ್ಲ. ನಾವು ಒಂದು ಕಡೆ ಫೋಟೊದಲ್ಲಿನ ಬೆಟ್ಟ ನೋಡಿ ಮರುಳಾದೆವು. ಪರದೆ ಸರಿಸಿದರೆ ಎದುರಿಗೆ ಅಡುಗೆಮನೆಯ ಹೊಗೆ ಕೊಳವೆ! ರಾತ್ರಿಯಿಡೀ ಗುಂಯ್ ಅಂತ ಸದ್ದು. "ಇಷ್ಟು ದುಡ್ಡಿಗೆ ಒಂದು ಒಗ್ಗರಣೆ ವಾಸನೆಯೂ ಇಲ್ಲವಲ್ಲೋ" ಅಂದರು ಅಮ್ಮ.

ಪಾರ್ಕಿಂಗ್, ಬೆಳಗಿನ ತಿಂಡಿ ಬಾಡಿಗೆಯಲ್ಲಿ ಸೇರಿದೆಯಾ ಅಂತಲೂ ಕೇಳಿಕೊಳ್ಳಿ. ಉಳಿಯದಿದ್ದರೂ ಎಂಪ್ರೆಸ್‌ನಲ್ಲಿ ಮಧ್ಯಾಹ್ನದ ಟೀಗೆ ಹೋಗಬಹುದು. ಅಗ್ಗವೇನಲ್ಲ. ಮುಂಚೆಯೇ ಬುಕ್ ಮಾಡಿ, ಸಸ್ಯಾಹಾರ ಅಂತ ಆಗಲೇ ಹೇಳಿಬಿಡಿ. ಫ್ರಾಂಟೆನಾಕ್ ಪಕ್ಕದ ಡಫರಿನ್ ಟೆರೇಸ್ ಅಂತೂ ಸಾರ್ವಜನಿಕ ಜಾಗ. ಮರದ ಹಲಗೆ ಹಾಸಿದ ಆ ದಾರಿಯಲ್ಲಿ ಸಂಜೆ ಸುಮ್ನೆ ಕೂತುಬಿಡಿ. ಕೆಳಗೆ ಸೇಂಟ್ ಲಾರೆನ್ಸ್ ನದಿ, ಬೆನ್ನಿಗೆ ಹೋಟೆಲ್. ಕೋಣೆಯೊಳಗೆ ಕೂತರೆ ಅದರ ಗೋಪುರ ಕಾಣುವುದಿಲ್ಲವಲ್ಲ.