ಗಡಸು ನೀರಿನ ಮನೆಗೆ ಸೋಲಾರ್: ಟ್ಯಾಂಕನ್ನೂ ಅದರೊಳಗಿನ ತಾಮ್ರದ ಸುರುಳಿಯನ್ನೂ ನಾನು ಮಾಡಿಕೊಂಡ ಬಗೆ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಬೆಂಗಳೂರಿನ ಹೊರವಲಯ ಹೀಗೆ ಬೋರ್‌ವೆಲ್ ನೀರನ್ನೇ ನಂಬಿರುವ ಕಡೆ ಸೋಲಾರ್ ಹೀಟರಿನ ದೂರು ಹೆಚ್ಚುಕಡಿಮೆ ಒಂದೇ ಥರ. ಮೊದಲು ಕೈ ಇಡಲಾಗದಷ್ಟು ಬಿಸಿ, ಕೆಲವು ವರ್ಷ ಕಳೆದ ಮೇಲೆ ಒಳ್ಳೇ ಬಿಸಿಲಿದ್ದರೂ ನೀರು ಉಗುರುಬೆಚ್ಚಗೆ, ಕೊನೆಗೆ ಪ್ಯಾನೆಲ್ ಬದಲಾಯಿಸಿ ಅನ್ನುವ ಸಲಹೆ. ಬಿಚ್ಚಿ ನೋಡಿದರೆ ಪ್ಯಾನೆಲಿನ ಗಾಜೂ ಕಪ್ಪು ಲೇಪನವೂ ಚೆನ್ನಾಗಿಯೇ ಇರುತ್ತವೆ. ಒಳಗಿನ ತಾಮ್ರದ ಕೊಳವೆಗಳು ಮಾತ್ರ ಸುಣ್ಣ ಕಟ್ಟಿ ಕಿರಿದಾಗಿರುತ್ತವೆ.

ಎರಡು ಚದರ ಮೀಟರಿನ ಸಾಮಾನ್ಯ ಫ್ಲ್ಯಾಟ್ ಪ್ಲೇಟ್ ಪ್ಯಾನೆಲಿನಲ್ಲಿ ಮೇಲೆ ಕೆಳಗೆ ಒಂದೊಂದು ಅಡ್ಡ ಕೊಳವೆ, ಅಂದರೆ ಹೆಡರ್, ಅವುಗಳ ನಡುವೆ ನೀರು ಮೇಲೇರುವ ಒಂಬತ್ತು ಸಣ್ಣ ರೈಸರ್ ಕೊಳವೆ. ರೈಸರಿನ ಹೊರವ್ಯಾಸ 12.7 ಮಿ.ಮೀ., ಒಳವ್ಯಾಸ ಸುಮಾರು 11.6. ಒಳಗೆ ಸುತ್ತಲೂ 2 ಮಿ.ಮೀ. ಸುಣ್ಣ ಕೂತರೆ ನೀರಿಗೆ ಉಳಿಯುವ ದಾರಿ 7.6 ಮಿ.ಮೀ. ನಿಧಾನವಾಗಿ ಹರಿಯುವ ನೀರಿಗೆ ವ್ಯಾಸ ಕುಗ್ಗಿದಂತೆ ತಡೆ ಅದರ ನಾಲ್ಕನೇ ಘಾತದ ಲೆಕ್ಕದಲ್ಲಿ ಏರುವುದರಿಂದ ಅದು ಐದು ಪಟ್ಟಿಗೂ ಹೆಚ್ಚಾಗುತ್ತದೆ. ಪಂಪ್ ಇಲ್ಲದೆ, ಬಿಸಿನೀರು ಹಗುರಾಗಿ ತಾನೇ ಮೇಲೇರುವುದರಿಂದ ನಡೆಯುವ ಥರ್ಮೋಸೈಫನ್ ಪದ್ಧತಿಯಲ್ಲಿ ನೀರನ್ನು ತಳ್ಳುವ ಬಲವಾದರೂ ಎಷ್ಟು? ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್ ಎತ್ತರದ ನೀರು ಕೊಡುವ ಒತ್ತಡ. ಅಷ್ಟರಿಂದ ನಡೆಯುವ ಹರಿವು ಐದು ಪಟ್ಟು ತಡೆಯನ್ನು ತಾಳಲಾರದು.

ಪ್ಯಾನೆಲಿನಲ್ಲಿ ಶುದ್ಧ ನೀರನ್ನಷ್ಟೇ ಸುತ್ತಿಸಿ, ಅದನ್ನು ಟ್ಯಾಂಕಿನೊಳಗಿನ ತಾಮ್ರದ ಸುರುಳಿಯಲ್ಲಿ ಹಾಯಿಸಿ ಹೊರಗಿನ ಬಳಕೆಯ ನೀರನ್ನು ಬಿಸಿ ಮಾಡುವುದು ಇನ್ನೊಂದು ದಾರಿ. ಅದೇ 2 ಮಿ.ಮೀ. ಸುಣ್ಣ ಟ್ಯಾಂಕಿನೊಳಗೆ ಮುಳುಗಿರುವ ಈ ಸುರುಳಿಯ ಹೊರಮೈ ಮೇಲೆ ಕೂತರೆ ಯಾವ ದಾರಿಯೂ ಮುಚ್ಚುವುದಿಲ್ಲ. ಶಾಖ ದಾಟುವುದು ನಾಲ್ಕನೇ ಒಂದು ಭಾಗದಷ್ಟು ಕುಂದುತ್ತದೆ. ಸುರುಳಿ ಎರಡು ಮೂರು ಡಿಗ್ರಿ ಹೆಚ್ಚು ಬಿಸಿಯಾಗಿ ಅದನ್ನು ಸರಿತೂಗಿಸಿಕೊಳ್ಳುತ್ತದೆ. ಸುಣ್ಣ ಎಲ್ಲಾದರೂ ಕೂರಲೇಬೇಕು ಎಂದಾದರೆ ಕೈ ಹಾಕಿ ಕೀಳಬಹುದಾದ ಜಾಗದಲ್ಲೇ ಕೂರಲಿ. ಪ್ಯಾನೆಲಿನೊಳಗೆ ಬೋರ್‌ವೆಲ್ ನೀರು ಹೋಗಲೇಬಾರದು. ನಾನು ಮಾಡಿದ ವ್ಯವಸ್ಥೆಯೆಲ್ಲ ಈ ಒಂದು ಲೆಕ್ಕದ ಮೇಲೆ ನಿಂತಿದೆ.

ಇದು ಎಲ್ಲರಿಗೂ ಬೇಕಾದ ಖರ್ಚಲ್ಲ. ಕಾವೇರಿ ನೀರು ಬರುವ ಮನೆಗೂ ಮಲೆನಾಡಿನ ಮೆದು ನೀರಿಗೂ ಬಳಸುವ ನೀರೇ ಪ್ಯಾನೆಲಿನೊಳಗೆ ಹರಿಯುವ ನೇರ ಪದ್ಧತಿಯೇ ಸಾಕು. ಮೊದಲು ನೀರಿನ ಪರೀಕ್ಷೆ ಮಾಡಿಸಿ, ಗಡಸುತನ ಮತ್ತು ಕ್ಲೋರೈಡ್ ಎರಡನ್ನೂ ಬರೆಸಿಕೊಳ್ಳಿ. ಕುಡಿಯುವ ನೀರಿನ ಐಎಸ್ 10500 ಮಾನದಂಡದಲ್ಲಿ ಗಡಸುತನದ ಅಪೇಕ್ಷಿತ ಮಿತಿ ಲೀಟರಿಗೆ 200 ಮಿ.ಗ್ರಾಂ., ಬೇರೆ ಮೂಲವಿಲ್ಲದಿದ್ದರೆ 600. ಇನ್ನೂರರ ಒಳಗಿದ್ದರೆ ಹೀಗೆ ನೀರು ಬೆರೆಯದೆ ಶಾಖ ಮಾತ್ರ ದಾಟಿಸುವ ಹೀಟ್ ಎಕ್ಸ್‌ಚೇಂಜರ್ ಬೇಡ. ಮುನ್ನೂರು ದಾಟಿದರೆ ಹಾಕಿಸುವುದೇ ಮೇಲು.

ಮಾರುಕಟ್ಟೆಯಲ್ಲಿ ಸಿಗುವುದು ಹೆಚ್ಚಾಗಿ ಜಾಕೆಟ್ ಟ್ಯಾಂಕ್: ಒಳಟ್ಯಾಂಕಿನ ಸುತ್ತ ಇನ್ನೊಂದು ತಗಡಿನ ಕವಚ, ನಡುವಿನ ಸಂದಿನಲ್ಲಿ ಪ್ಯಾನೆಲಿನ ನೀರು. ಹರಿವಿಗೆ ತಡೆ ಕಡಿಮೆ, ಕೆಲಸ ಚೆನ್ನಾಗಿಯೇ ಮಾಡುತ್ತದೆ. ಆದರೆ ಜಾಕೆಟಿನಲ್ಲಿ ಒತ್ತಡವಿದ್ದಾಗ ಒಳಟ್ಯಾಂಕ್ ಖಾಲಿ ಮಾಡಿದರೆ ತೆಳು ತಗಡು ಒಳಕ್ಕೆ ಕುಸಿಯುತ್ತದೆ. ಅದಕ್ಕೆ ಜಾಕೆಟಿನ ವೆಂಟ್, ಅಂದರೆ ಗಾಳಿ ಹೊರಹೋಗುವ ಪೈಪ್, ಸದಾ ತೆರೆದಿರಬೇಕು. ಇನ್ನೊಂದು ಬಗೆಯಲ್ಲಿ ಟ್ಯಾಂಕ್ ತುಂಬ ಮೆದು ನೀರು ನಿಂತಿದ್ದು, ಮನೆಗೆ ಬಳಸುವ ನೀರು ಸುರುಳಿಯೊಳಗೆ ಹಾದು ಬಿಸಿಯಾಗುತ್ತದೆ. ಗಡಸು ನೀರಿಗೆ ಇದು ಸಲ್ಲದು. ಸುಣ್ಣ ಮತ್ತೆ ಸಣ್ಣ ಕೊಳವೆಯೊಳಗೇ ಸೇರುತ್ತದೆ. ನಾನು ಆರಿಸಿಕೊಂಡದ್ದು ಇದರ ತಿರುವು. ಸುರುಳಿಯೊಳಗೆ ಪ್ಯಾನೆಲಿನ ಶುದ್ಧ ನೀರು, ಹೊರಗೆ ಟ್ಯಾಂಕಿನಲ್ಲಿ ಬೋರ್‌ವೆಲ್ ನೀರು.

ಅಳತೆಯ ಲೆಕ್ಕ ಹೀಗೆ. 200 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಏರಿಸಲು ಸುಮಾರು 8 ಯೂನಿಟ್ ಶಾಖ ಬೇಕು. ನಮ್ಮ ಕಡೆ ಒಂದು ಚದರ ಮೀಟರಿಗೆ ದಿನಕ್ಕೆ ಸುಮಾರು 5 ಯೂನಿಟ್ ಬಿಸಿಲು ಸಿಗುತ್ತದೆ. ಅದರಲ್ಲಿ ಅರ್ಧಕ್ಕಿಂತ ತುಸು ಕಡಿಮೆ ನೀರಿಗೆ ಸೇರುತ್ತದೆ. ಹಾಗಾಗಿ 4 ಚದರ ಮೀಟರ್, ಅಂದರೆ ಎರಡು ಪ್ಯಾನೆಲ್. ನಡುಹಗಲಿನಲ್ಲಿ ಇವೆರಡರಿಂದ 2 ಕಿಲೋವ್ಯಾಟ್ ಹತ್ತಿರ ಬರುತ್ತದೆ, ಸುರುಳಿ ಅಷ್ಟನ್ನೂ ದಾಟಿಸಬೇಕು. ನುಣುಪು ಕೊಳವೆಯಾದರೆ ಪ್ಯಾನೆಲಿನ ಪ್ರತಿ ಚದರ ಮೀಟರಿಗೆ 0.3 ಚದರ ಮೀಟರ್ ಸುರುಳಿಯ ಮೈ ಇರಬೇಕು ಅನ್ನುವುದು ರೂಢಿಯ ಲೆಕ್ಕ. ಅರ್ಧ ಇಂಚಿನ ಕೊಳವೆಯನ್ನು ಐದಾರು ಸುತ್ತು ಸುತ್ತಿ ಹೀಟ್ ಎಕ್ಸ್‌ಚೇಂಜರ್ ಎಂದು ಕೊಡುವವರಿದ್ದಾರೆ. ಅದರ ಮೈ ಕಾಲು ಚದರ ಮೀಟರೂ ಆಗುವುದಿಲ್ಲ. ಪ್ಯಾನೆಲ್ ಕುದಿಯುತ್ತಿರುತ್ತದೆ, ಟ್ಯಾಂಕ್ ಬೆಚ್ಚಗಾಗಿರುವುದಿಲ್ಲ.

ಬಳಸಿದ್ದು ಎಸಿ ಕೆಲಸದವರು ತರುವ ಮೆದು ತಾಮ್ರದ ಕೊಳವೆ, 5/8 ಇಂಚಿನದು, ಅಂದರೆ 15.9 ಮಿ.ಮೀ. ಒಂದು ಮೀಟರಿಗೆ 0.05 ಚದರ ಮೀಟರ್ ಮೈ; 24 ಮೀಟರಿಗೆ 1.2. ಇದನ್ನು ಒಂದೇ ಉದ್ದ ಸುರುಳಿ ಮಾಡಿದರೆ ಥರ್ಮೋಸೈಫನ್ ಹರಿವು ಸೊರಗುತ್ತದೆ, ಪಂಪ್ ಬೇಕಾಗುತ್ತದೆ. 12 ಮೀಟರಿನ ಎರಡು ಸುರುಳಿಯನ್ನು ಸಮಾಂತರವಾಗಿ, ನೀರು ಎರಡಕ್ಕೂ ಹಂಚಿಹೋಗುವಂತೆ ಕೂಡಿಸಿದರೆ ಪಂಪ್ ಬೇಡ. ಕೊಳವೆ 15 ಮೀಟರಿನ ಸುತ್ತಿನಲ್ಲಿ ಬರುತ್ತದೆ. ಎರಡು ಸುತ್ತು ತಂದರೆ ಸುರುಳಿಗೂ ತುದಿ ಜೋಡಣೆಗೂ ಸಾಕು.

ಸುತ್ತಲು ಅಚ್ಚಾಗಿ 315 ಮಿ.ಮೀ. ವ್ಯಾಸದ ಪಿವಿಸಿ ಪೈಪಿನ ತುಂಡು ಚೆನ್ನಾಗಿ ಒದಗುತ್ತದೆ. ಕೊಳವೆಗೆ ಒಣಗಿಸಿ ಜರಡಿ ಹಿಡಿದ ಸಣ್ಣ ಮರಳನ್ನು ತಟ್ಟಿ ತಟ್ಟಿ ತುಂಬಿ, ಎರಡೂ ತುದಿಗೆ ಬೆಣೆ ಬಡಿಯಬೇಕು. ಮರಳು ಸಡಿಲವಿದ್ದ ಕಡೆ ಕೊಳವೆ ಚಪ್ಪಟೆಯಾಗುತ್ತದೆ. ಎರಡೂ ಕೊಳವೆಗಳನ್ನು ಪಕ್ಕಪಕ್ಕ ಹಿಡಿದು ಒಟ್ಟಿಗೆ ಸುತ್ತಿದರೆ ತಲಾ ಹನ್ನೊಂದು ಸುತ್ತು ಬರುತ್ತದೆ. ಆಮೇಲೆ ಎರಡು ತುದಿ ಹಿಡಿದು ಎಳೆದು ಸುತ್ತಿನ ನಡುವೆ ಬೆರಳು ತೂರುವಷ್ಟು, ಅಂದರೆ 12 ಮಿ.ಮೀ. ಸಂದು ಬಿಡಬೇಕು. ಒಟ್ಟು ಎತ್ತರ ಸುಮಾರು 620 ಮಿ.ಮೀ. ಸಂದು ಕಿರಿದಾದರೆ ಸುಣ್ಣ ಎರಡು ಸುತ್ತನ್ನು ಒಂದಕ್ಕೊಂದು ಬೆಸೆದುಬಿಡುತ್ತದೆ, ಕೀಳಲು ಆಗುವುದಿಲ್ಲ. ಪ್ರತಿ ಸುತ್ತೂ ಮೇಲಿಂದ ಕೆಳಕ್ಕೆ ಇಳಿಯುತ್ತಲೇ ಇರಬೇಕು. ಒಂದು ಕಡೆ ಡುಬ್ಬವಾದರೂ ಅಲ್ಲಿ ಗಾಳಿ ನಿಂತು ಆ ಸುರುಳಿ ಪೂರ್ತಿ ಸತ್ತಂತೆ. ಮುಗಿದ ಮೇಲೆ ಮರಳು ಪೂರ್ತಿ ಹೋಗುವವರೆಗೆ ಕಂಪ್ರೆಸರ್ ಗಾಳಿ, ಆಮೇಲೆ ನೀರು ಬಿಟ್ಟು ತೊಳೆಯಬೇಕು. ಟ್ಯಾಂಕಿನೊಳಗೆ ಒಂದೂ ಜಾಯಿಂಟ್ ಇರಬಾರದು. ಬೆಸುಗೆಯೆಲ್ಲ ಹೊರಗೆ. ತಾಮ್ರಕ್ಕೆ ತಾಮ್ರ ಕೂಡಿಸಲು ಫಾಸ್ಫರಸ್ ಕಡ್ಡಿ ನಡೆಯುತ್ತದೆ, ಹಿತ್ತಾಳೆಗೆ ಕೂಡಿಸುವಾಗ ಬೆಳ್ಳಿ ಕಡ್ಡಿ ಮತ್ತು ಫ್ಲಕ್ಸ್ ಬೇಕು. ಟ್ಯಾಂಕಿನ ಗೋಡೆ ದಾಟುವ ನಾಲ್ಕು ಕಡೆಯೂ ಹಿತ್ತಾಳೆ ಕನೆಕ್ಟರ್, ಸಿಲಿಕೋನ್ ವಾಷರ್. ಪ್ಲಂಬರ್ ಅಭ್ಯಾಸಬಲದಿಂದ ಜಿಐ ನಿಪ್ಪಲ್ ತರುತ್ತಾರೆ, ಬಿಡಬೇಡಿ. ತಾಮ್ರದ ಪಕ್ಕ ಬಿಸಿನೀರಿನಲ್ಲಿ ಜಿಐನ ಸತು ಬೇಗ ಕರಗುತ್ತದೆ, ಹಿಂದೆಯೇ ಕಬ್ಬಿಣ ತೂತು ಬೀಳುತ್ತದೆ.

ಟ್ಯಾಂಕ್ ನಿಂತ ಬಗೆಯದು, ವ್ಯಾಸ 500 ಮಿ.ಮೀ., ಎತ್ತರ 1000. ಮಲಗಿಸಿದ ಟ್ಯಾಂಕಿಗಿಂತ ನಿಂತ ಟ್ಯಾಂಕಿನಲ್ಲಿ ಬಿಸಿನೀರು ಮೇಲೆ, ತಣ್ಣೀರು ಕೆಳಗೆ ಚೆನ್ನಾಗಿ ಬೇರೆಯಾಗಿ ನಿಲ್ಲುತ್ತದೆ, ಕೊನೆಯ ಬಕೆಟಿನವರೆಗೂ ಬಿಸಿಯಾಗಿಯೇ ಸಿಗುತ್ತದೆ. ತಗಡು 1.5 ಮಿ.ಮೀ. ಎಸ್‌ಎಸ್ 316ಎಲ್. ಇದರಲ್ಲಿ ನಾನು ಚೌಕಾಸಿ ಒಪ್ಪುವುದಿಲ್ಲ. ಬೋರ್‌ವೆಲ್ ನೀರಿನ ಕ್ಲೋರೈಡ್, 60 ಡಿಗ್ರಿ ಶಾಖ, ಬೆಸುಗೆಯ ಬಿಗಿತ ಈ ಮೂರೂ ಕೂಡಿದರೆ 304 ತಗಡು ಬೆಸುಗೆಯ ಅಂಚಿನಲ್ಲೇ ಕೂದಲೆಳೆ ಬಿರುಕು ಬಿಡುತ್ತದೆ. ತಣ್ಣೀರಿಗೆ 304 ಲೀಟರಿಗೆ 200 ಮಿ.ಗ್ರಾಂ. ಕ್ಲೋರೈಡ್ ತಾಳುತ್ತದೆ ಅನ್ನುವ ಮಾತನ್ನು ಬಿಸಿನೀರಿಗೆ ಅನ್ವಯಿಸಬಾರದು. ಟಿಗ್ ವೆಲ್ಡಿಂಗ್ ಮಾಡುವಾಗ ಒಳಬದಿಗೂ ಆರ್ಗಾನ್ ಅನಿಲ ಬಿಡಿಸಿ, ಮುಗಿದ ಮೇಲೆ ನೀಲಿ ಕಂದು ಬಣ್ಣ ಹೋಗುವಂತೆ ಪಿಕ್ಲಿಂಗ್ ಪೇಸ್ಟ್ ಹಚ್ಚಿ ತೊಳೆಸಿ. ಆ ಬಣ್ಣ ಉಳಿದ ಜಾಗದಿಂದಲೇ ಸೋರಿಕೆ ಶುರುವಾಗುತ್ತದೆ.

ಸುರುಳಿ ಕೂರುವುದು ಟ್ಯಾಂಕಿನ ಕೆಳಗಿನ ಮುಕ್ಕಾಲು ಭಾಗದಲ್ಲಿ, ತಳದಿಂದ 100 ಮಿ.ಮೀ. ಮೇಲೆ. ತಳದ ಆ ಜಾಗ ಉದುರುವ ಸುಣ್ಣದ ಹಳುಕಿಗೆ. ಡ್ರೈನ್ ಅರ್ಧ ಇಂಚಿನದಾದರೆ ಹಳುಕು ಕಚ್ಚಿಕೊಳ್ಳುತ್ತದೆ. ಒಂದೂಕಾಲು ಇಂಚು, ಬಾಲ್ ವಾಲ್ವ್. ಮೇಲಿನ ಡೂಮ್ ವೆಲ್ಡಿಂಗ್ ಆಗಿರದೆ ಫ್ಲ್ಯಾಂಜ್ ಬೋಲ್ಟಿನಿಂದ ಬಿಚ್ಚುವಂತಿದೆ. ಸುರುಳಿಯನ್ನು ಇಳಿಸುವುದೂ ಅಲ್ಲಿಂದಲೇ. ಬದಿಯಲ್ಲಿ ಕೈ ತೂರುವ 150 ಮಿ.ಮೀ. ಮುಚ್ಚಳವೂ ಇದೆ. ತಣ್ಣೀರು ಒಳಬರುವ ಬಾಯಿಯ ಮುಂದೆ ಅಂಗೈಯಗಲ ಎಸ್‌ಎಸ್ ತಗಡು ಅಡ್ಡ ನಿಲ್ಲಿಸಿದರೆ ನೀರು ನುಗ್ಗಿ ಮೇಲಿನ ಬಿಸಿನೀರನ್ನು ಕಲಕುವುದಿಲ್ಲ. ಮೋಡದ ದಿನಗಳಿಗೆ 2 ಕಿಲೋವ್ಯಾಟ್ ಹೀಟರನ್ನು ಮೇಲಿನ ಮೂರನೇ ಒಂದು ಭಾಗದಲ್ಲಿ ಹಾಕಬೇಕು. ತಳದಲ್ಲಿ ಹಾಕಿದರೆ ಬಿಸಿಲು ಮಾಡಬೇಕಾದ ಕೆಲಸವನ್ನು ಕರೆಂಟು ಮಾಡುತ್ತದೆ.

ಹೊದಿಕೆ 50 ಮಿ.ಮೀ. ಪಫ್, ಅಂದರೆ ಪಾಲಿಯುರಿಥೇನ್ ನೊರೆ, ತಗಡಿನ ಹೊರಕವಚದೊಳಗೆ ಸುರಿದದ್ದು. ಗಾಜಿನ ಉಣ್ಣೆ ಬೇಡ, ಒಮ್ಮೆ ಮಳೆನೀರು ಕುಡಿದರೆ ಅದು ಹೊದಿಕೆಯಾಗಿ ಉಳಿಯುವುದಿಲ್ಲ. ಲೆಕ್ಕದ ಪ್ರಕಾರ ಇಂಥ ಟ್ಯಾಂಕ್ ರಾತ್ರಿಯಲ್ಲಿ 2 ಡಿಗ್ರಿ ಕಳೆದುಕೊಳ್ಳುತ್ತದೆ, ಪೈಪುಗಳ ಮೂಲಕ ಹೋಗುವುದನ್ನೂ ಸೇರಿಸಿದರೆ 3–4. ಅದಕ್ಕಿಂತ ಹೆಚ್ಚು ಇಳಿದರೆ ಹೊದಿಕೆಯನ್ನು ಬೈಯುವ ಮೊದಲು ಹಿಮ್ಮುಖ ಹರಿವು ಇದೆಯೇ ನೋಡಿ.

ಎತ್ತರಗಳ ವಿಷಯದಲ್ಲಿ ಅಡ್ಡದಾರಿ ಇಲ್ಲ. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ 25 ಡಿಗ್ರಿ ಓರೆ. ಚಳಿಗಾಲದ ಕೆಳಸೂರ್ಯನಿಗೆ ಅದು ಸರಿ. ಪ್ಯಾನೆಲಿನ ತಲೆ ತಾರಸಿಯಿಂದ 1.15 ಮೀಟರ್ ಬಂದರೆ ಟ್ಯಾಂಕಿನ ತಳ ಅದಕ್ಕಿಂತ 30 ಸೆಂ.ಮೀ. ಮೇಲೆ, ಅಂದರೆ 1.45 ಮೀಟರಿಗೆ. ಇದು ತಪ್ಪಿದರೆ ರಾತ್ರಿ ಹರಿವು ತಿರುಗಿ ಬಿಸಿಯೆಲ್ಲ ಪ್ಯಾನೆಲಿನ ಮೂಲಕ ಆಕಾಶಕ್ಕೆ ಹೋಗುತ್ತದೆ. ಬೆಳಗಿನ ಜಾವ ಮೇಲಿನ ಹೆಡರ್ ಮುಟ್ಟಿದರೆ ಗೊತ್ತಾಗುತ್ತದೆ: ತಣ್ಣಗೆ ಕೊರೆಯುತ್ತಿರಬೇಕು. ಟ್ಯಾಂಕಿನ ತಲೆ 2.6 ಮೀಟರ್ ಆಯಿತು, ಓವರ್‌ಹೆಡ್ ಟ್ಯಾಂಕಿನ ತಳ ಅದಕ್ಕಿಂತ ಒಂದಡಿ ಮೇಲೆ. ಹೆಡ್‌ರೂಮಿನ ಮೇಲೆ ಸಿಂಟೆಕ್ಸ್ ಇರುವ ಮನೆಗಳಲ್ಲಿ ಇದು ತಾನಾಗಿ ಕೂಡಿಬರುತ್ತದೆ. ಸೋಲಾರಿಗೆ ಓವರ್‌ಹೆಡ್ ಟ್ಯಾಂಕಿನಿಂದ ಬೇರೆಯೇ ಒಂದಿಂಚು ಲೈನ್ ಬೇಕು, ನಡುವೆ ಯಾವ ನಲ್ಲಿಗೂ ಕವಲು ಕೂಡದು. ವೆಂಟ್ ಪೈಪ್ ಓವರ್‌ಹೆಡ್ ಟ್ಯಾಂಕಿನ ತುಂಬು ಮಟ್ಟಕ್ಕಿಂತ ಕನಿಷ್ಠ ಒಂದೂವರೆ ಅಡಿ ಮೇಲೇರಬೇಕು. ಬಿಸಿನೀರು ಹಗುರ, ಆದ್ದರಿಂದ ವೆಂಟಿನಲ್ಲಿ ಅದು ತಣ್ಣೀರಿನ ಮಟ್ಟಕ್ಕಿಂತ ಮೇಲೆ ನಿಲ್ಲುತ್ತದೆ.

ಪ್ಯಾನೆಲಿನಿಂದ ಸುರುಳಿಗೆ ಹೋಗಿ ಬರುವ ಪೈಪ್ 22 ಮಿ.ಮೀ. ತಾಮ್ರವೇ ಆಗಬೇಕು. ನೀರು ನಿಂತುಹೋದಾಗ ಪ್ಯಾನೆಲಿನ ತಾಮ್ರ ನೂರು ಡಿಗ್ರಿ ದಾಟುವುದರಿಂದ ಅಲ್ಲಿ ಸಿಪಿವಿಸಿ ಬಾಳುವುದಿಲ್ಲ. ಟ್ಯಾಂಕಿನಿಂದ ಬಚ್ಚಲಿಗೆ ಹೋಗುವ ಲೈನಿಗೆ ಅದು ಸಾಕು. ಪ್ಯಾನೆಲ್, ಪೈಪ್, ಸುರುಳಿ ಸೇರಿದ ಈ ಇಡೀ ಸುತ್ತಿನೊಳಗೆ ಹಿಡಿಯುವ ನೀರು ಸುಮಾರು 11 ಲೀಟರ್. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿಯಿಲ್ಲ, ಗ್ಲೈಕಾಲ್ ಬೇಡ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಮತ್ತು ತಾಮ್ರಕ್ಕೆ ಹೊಂದುವ ತುಕ್ಕುನಿರೋಧಕ ಸಾಕು. 25ರಿಂದ 95 ಡಿಗ್ರಿಗೆ ಹೋದರೆ ಈ ನೀರು ನೂರಕ್ಕೆ ಮೂರೂವರೆ ಪಾಲು, ಅಂದರೆ 400 ಮಿ.ಲೀ.ನಷ್ಟು ಹಿಗ್ಗುತ್ತದೆ. ಅದಕ್ಕೆ ಸುತ್ತಿನ ಅತಿ ಎತ್ತರದ ಜಾಗದಲ್ಲಿ 5 ಲೀಟರಿನ ತೆರೆದ ಎಸ್‌ಎಸ್ ಡಬ್ಬ, ಅರ್ಧ ತುಂಬಿದ್ದು, ಸಡಿಲ ಮುಚ್ಚಳದ್ದು. ಇದಕ್ಕೆ ಫ್ಲೋಟ್ ವಾಲ್ವ್ ಕೂಡಿಸಿ ಬೋರ್‌ವೆಲ್ ನೀರು ತಾನಾಗಿ ತುಂಬುವಂತೆ ಮಾಡಿದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ. ಸಣ್ಣ ಸೋರಿಕೆ ಗೊತ್ತೇ ಆಗುವುದಿಲ್ಲ, ಗಡಸು ನೀರು ಸದ್ದಿಲ್ಲದೆ ಪ್ಯಾನೆಲ್ ಸೇರುತ್ತದೆ. ತಿಂಗಳಿಗೊಮ್ಮೆ ಮಟ್ಟ ನೋಡಿ ಕೈಯಿಂದಲೇ ತುಂಬಬೇಕು.

ತುಂಬುವುದು ಬಿಸಿಲೇರುವ ಮೊದಲು, ಪ್ಯಾನೆಲಿನ ಕೆಳಗಿನ ವಾಲ್ವಿನಿಂದ, ಕೈಪಂಪಿನಲ್ಲಿ ನಿಧಾನವಾಗಿ. ಮೇಲಿಂದ ಸುರಿದರೆ ಗಾಳಿ ಕೆಳಗೆ ಸಿಕ್ಕಿಕೊಳ್ಳುತ್ತದೆ. ಬಿಸಿಯಾದ ಪ್ಯಾನೆಲಿಗೆ ನೀರು ಬಿಟ್ಟರೆ ಉಗಿ ಎದ್ದು ಮುಖಕ್ಕೆ ಹಾರುತ್ತದೆ. ಡಬ್ಬದಲ್ಲಿ ಗುಳ್ಳೆ ನಿಂತ ಮೇಲೂ ಒಂದೆರಡು ಲೀಟರ್ ತಳ್ಳಿ. ನಡುಹಗಲಿನಲ್ಲಿ ಸುರುಳಿಗೆ ಹೋಗುವ ಪೈಪಿಗೂ ಅಲ್ಲಿಂದ ಮರಳುವ ಪೈಪಿಗೂ 15ರಿಂದ 20 ಡಿಗ್ರಿ ವ್ಯತ್ಯಾಸವಿದ್ದರೆ ಹರಿವು ಸರಿಯಾಗಿದೆ. ಹೋಗುವುದು ಕುದಿ, ಬರುವುದು ತಣ್ಣಗೆ ಎಂದಾದರೆ ಗಾಳಿ ಸಿಕ್ಕಿದೆ. ಎರಡು ಸುರುಳಿಗಳಲ್ಲಿ ಒಂದರಿಂದ ಮರಳುವ ಪೈಪ್ ಮಾತ್ರ ತಣ್ಣಗಿದ್ದರೆ ಗಾಳಿ ಸಿಕ್ಕಿರುವುದು ಆ ಒಂದರಲ್ಲಿ.

ಇನ್ನು ಸುಣ್ಣ ತೆಗೆಯುವ ಕೆಲಸ. ದಿನಕ್ಕೆ 150 ಲೀಟರ್ ಬಳಸುವ ಮನೆಯಲ್ಲಿ ಲೀಟರಿಗೆ ಬರೀ 50 ಮಿ.ಗ್ರಾಂ. ಸುಣ್ಣ ಕೂತರೂ ವರ್ಷಕ್ಕೆ ಎರಡೂವರೆ ಕೆ.ಜಿ. ದಾಟುತ್ತದೆ. ಹೀಟರಿನ ಥರ್ಮೋಸ್ಟಾಟ್ 55ರಲ್ಲಿಟ್ಟರೆ ಕೂರುವುದು ಕಡಿಮೆ. 60 ದಾಟಿದ ಮೇಲೆ ಬಹಳ ಬೇಗ ಕೂರುತ್ತದೆ. ಮೂರು ತಿಂಗಳಿಗೊಮ್ಮೆ ಡ್ರೈನ್ ಪೂರ್ತಿ ತೆರೆದು ಒಂದೆರಡು ಬಕೆಟ್ ಬಿಟ್ಟರೆ ಬಿಳಿ ಹಳುಕು ಮುಕ್ಕಾಲುಪಾಲು ಹೋಗುತ್ತದೆ. ವರ್ಷಕ್ಕೊಮ್ಮೆ ಮುಚ್ಚಳ ಬಿಚ್ಚಿ ಸುರುಳಿಯ ಮೇಲಿನದನ್ನು ಮರದ ಕಡ್ಡಿಯಿಂದ ಉದುರಿಸಬೇಕು. ತಾಮ್ರ ಬಿಸಿ–ತಣ್ಣಗೆ ಹಿಗ್ಗಿ ಕುಗ್ಗುವುದರಿಂದ ಸುಣ್ಣ ಆಗಲೇ ಬಿರುಕು ಬಿಟ್ಟಿರುತ್ತದೆ, ಚಿಪ್ಪು ಚಿಪ್ಪಾಗಿ ಬರುತ್ತದೆ. ಉಳಿದದ್ದಕ್ಕೆ ಸಲ್ಫಾಮಿಕ್ ಆಸಿಡ್ ಪುಡಿ, ಉಗುರುಬೆಚ್ಚಗಿನ ನೀರಿನಲ್ಲಿ ನೂರಕ್ಕೆ ಐದು ಪಾಲು, ಗುಳ್ಳೆ ನಿಲ್ಲುವವರೆಗೆ. ಕೈಗವಸು, ಕನ್ನಡಕ ಹಾಕಿಕೊಂಡು. ಒಂದು ಕೆ.ಜಿ. ಪುಡಿ ಅರ್ಧ ಕೆ.ಜಿ. ಸುಣ್ಣ ಕರಗಿಸುತ್ತದೆ. ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಕೂಡ ಆದೀತು, ಆದರೆ ಬಿಸಿ ಹೆಚ್ಚಾದರೆ ಅದರ ಕ್ಯಾಲ್ಸಿಯಂ ಲವಣ ಮತ್ತೆ ಬಿಳಿ ಕೆಸರಾಗಿ ಕೂರುತ್ತದೆ. ಕೆಲಸದವರು ಬಚ್ಚಲು ತೊಳೆಯುವ ಆಸಿಡ್ ತಂದರೆ ಟ್ಯಾಂಕಿನ ಹತ್ತಿರಕ್ಕೂ ಬಿಡಬೇಡಿ. ಅದು ಹೈಡ್ರೋಕ್ಲೋರಿಕ್, ಸುಣ್ಣವನ್ನು ನಿಮಿಷದಲ್ಲಿ ಕರಗಿಸುತ್ತದೆ, ಅದರ ಕ್ಲೋರೈಡ್ ಎಸ್‌ಎಸ್ ತಗಡಿನಲ್ಲಿ ಸೂಜಿಮೊನೆಯ ತೂತುಗಳನ್ನು ಬಿಟ್ಟು ಹೋಗುತ್ತದೆ, 316 ಆದರೂ. ತೊಳೆದ ಮೇಲೆ ಎರಡು ಸಲ ಬರೀ ನೀರು, ನಡುವೆ ಒಮ್ಮೆ ಅಡುಗೆ ಸೋಡಾ ಬೆರೆಸಿದ ನೀರು ಬಿಟ್ಟು, ಗ್ಯಾಸ್ಕೆಟ್ ಹೊಸದು ಹಾಕಿ ಮುಚ್ಚಬೇಕು.

ಬೇಸಿಗೆ ರಜೆಗೆ ವಾರಗಟ್ಟಲೆ ಊರಿಗೆ ಹೋಗುವವರು ಒಂದು ಪ್ಯಾನೆಲಿಗಾದರೂ ನರ್ಸರಿಯ ಹಸಿರು ನೆರಳುಬಟ್ಟೆಯನ್ನು ಎರಡು ಪದರ ಮಾಡಿ ಹೊದಿಸಿ ಕಟ್ಟಿ. ಇಲ್ಲದಿದ್ದರೆ ಡಬ್ಬದ ನೀರು ಕುದಿದು ಆರಿ, ಮೇಲಿನ ಹೆಡರ್ ಗಾಳಿ ಹಿಡಿದು ಹರಿವು ನಿಂತಿರುತ್ತದೆ, ಬಂದ ಮೇಲೆ ಮತ್ತೆ ಕೆಳಗಿನಿಂದ ತುಂಬಬೇಕಾಗುತ್ತದೆ.